ರಸ್ತೆಯಲ್ಲಿ ನಿಂತು ಕ್ಯಾಮೆರಾಗೆ ಮಾತಾಡುವಾಗ ಮುಜುಗರ ಯಾಕೆ, ಅದನ್ನು ದಾಟುವುದು ಹೇಗೆ

ಮನೆಯ ಜಗಲಿಯಲ್ಲಿ ಕೂತು ಅಡಿಕೆ ಕೊಯ್ಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಹುಡುಗನಿಗೆ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೊಬೈಲ್ ಎದುರು ನಿಂತು ಒಂದು ನಿಮಿಷ ಮಾತಾಡು ಅನ್ನಿ. ಬೆವರುತ್ತಾನೆ. ವಿಷಯ ಅದೇ, ಬಾಯಿ ಅದೇ, ಭಾಷೆಯೂ ಅದೇ. ಆದರೂ ಮಾತು ಗಂಟಲಲ್ಲೇ ನಿಲ್ಲುತ್ತದೆ. "ನಂಗೆ ಅಷ್ಟು ಧೈರ್ಯ ಇಲ್ಲ" ಅಂದುಕೊಂಡು ಮೊಬೈಲನ್ನು ಜೇಬಿಗೆ ಹಾಕಿ ಹೊರಟುಬಿಡುತ್ತಾನೆ.

ಇದರಲ್ಲಿ ಧೈರ್ಯಕ್ಕಿಂತ ಗಮನದ ಪಾತ್ರ ಜಾಸ್ತಿ. ಜಗಲಿಯಲ್ಲಿ ಅವನ ಗಮನ ಅಡಿಕೆಯ ಮೇಲಿತ್ತು, ಎದುರಿಗೆ ಕೂತವರ ಮೇಲಿತ್ತು. ಬಜಾರಿನಲ್ಲಿ ಅದು ಪೂರ್ತಿ ತನ್ನ ಮೇಲೇ ತಿರುಗಿತು. ನನ್ನ ಕೈ ಎಲ್ಲಿದೆ, ದನಿ ನಡುಗುತ್ತಿದೆಯಾ, ಆ ಅಂಗಡಿಯವರು ನಗುತ್ತಿದ್ದಾರಾ? ಇಷ್ಟೆಲ್ಲ ಲೆಕ್ಕ ಹಾಕುತ್ತಾ ಮಾತಾಡುವುದು ಯಾರಿಗೂ ಸುಲಭವಲ್ಲ. ಕಾಲುಸಂಕದ ಮೇಲೆ ದಿನಾ ನಡೆಯುವವರು ಆಚೆ ದಡ ನೋಡುತ್ತಾ ಸಲೀಸಾಗಿ ದಾಟುತ್ತಾರೆ. ಅವರೇ ಒಂದು ದಿನ ತಮ್ಮ ಪಾದ ನೋಡಿಕೊಂಡು ನಡೆದರೆ ತಡವರಿಸುತ್ತಾರೆ. ಕ್ಯಾಮೆರಾ ಮುಂದೆ ಆಗುವುದೂ ಇಷ್ಟೇ.

ಈ ವಿಷಯ ನನಗೆ ಮುಖ್ಯ ಅನ್ನಿಸುವುದಕ್ಕೆ ಕಾರಣ ಇದೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣ, ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣವನ್ನು ಯಾವಾಗ, ಹೇಗೆ ಹೊಡೆಯಬೇಕು, ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ ಅಪ್ಪೆಮಿಡಿಯನ್ನು ಪೆಟ್ಟಾಗದ ಹಾಗೆ ಹೇಗೆ ಇಳಿಸಬೇಕು, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಗೋಡೆಯಲ್ಲಿ ಏನೇನಿದೆ, ಇದನ್ನೆಲ್ಲ ಬಲ್ಲವರು ಮಲೆನಾಡಿನ ಊರೂರಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಸಂಕೋಚದಿಂದ ಸುಮ್ಮನಿದ್ದಾರೆ. ಎರಡು ದಿನಕ್ಕೆ ಬಂದು ಹೋಗುವವರು ಮಾಡಿದ ವಿಡಿಯೊಗಳನ್ನು ನೋಡಿ ಜನ ಇಷ್ಟೇ ಮಲೆನಾಡು ಅಂದುಕೊಳ್ಳುತ್ತಾರೆ.

ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರಾ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಅವರ ಸಂಗಡಿಗರು 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ವಿದ್ಯಾರ್ಥಿಗೆ ಮುಜುಗರ ಹುಟ್ಟಿಸುವಂಥ ಟೀ ಶರ್ಟ್ ಹಾಕಿಸಿದರು. ಆಗಿನ ಹುಡುಗರು ಮೂಗು ಮುರಿಯುತ್ತಿದ್ದ ಗಾಯಕನೊಬ್ಬನ ಚಿತ್ರ ಅದರ ಮೇಲಿತ್ತು. ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಅವನನ್ನು ಕಳಿಸಿ, ಸ್ವಲ್ಪ ಹೊತ್ತಿಗೆ ಹೊರಗೆ ಕರೆದರು. ನಿನ್ನ ಶರ್ಟಿನ ಮೇಲೆ ಯಾರ ಚಿತ್ರ ಇದೆ ಅಂತ ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರು. ಹೀಗೆ ಹಲವರನ್ನು ಕಳಿಸಿ ನೋಡಿದಾಗ, ಅವರ ಅಂದಾಜು ಸುಮಾರು ಅರ್ಧದಷ್ಟು ಜನ ಅಂತ ಬಂತು. ನಿಜವಾಗಿ ಗಮನಿಸಿದವರು ನಾಲ್ಕರಲ್ಲಿ ಒಬ್ಬರ ಆಸುಪಾಸು.

ಈ ತಪ್ಪು ಅಂದಾಜಿಗೆ ಕಾರಣ ಸರಳ. ನಮ್ಮ ಮುಜುಗರ ನಮಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಬೇರೆಯವರ ಕಣ್ಣಲ್ಲಿ ಅದು ಎಷ್ಟು ದೊಡ್ಡದು ಅಂತ ಅಳೆಯುವಾಗಲೂ ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ಸ್ವಲ್ಪ ಕಳೆಯುತ್ತೇವೆ, ಆದರೆ ಸಾಕಷ್ಟು ಕಳೆಯುವುದಿಲ್ಲ.

ಅದೇ ಅಧ್ಯಯನದ ಇನ್ನೊಂದು ಭಾಗ ವಿಡಿಯೊ ಮಾಡುವವರಿಗೆ ಇನ್ನೂ ಉಪಯೋಗದ್ದು. ಶರ್ಟ್ ಹಾಕಿಕೊಂಡ ತಕ್ಷಣ ಒಳಗೆ ಹೋಗುವ ಬದಲು, ಸ್ವಲ್ಪ ಹೊತ್ತು ಅದಕ್ಕೆ ಹೊಂದಿಕೊಂಡು ಆಮೇಲೆ ಹೋದವರ ಅಂದಾಜು ಕಡಿಮೆ ಇತ್ತು. ಅಂದರೆ ಜಾಗಕ್ಕೆ ಹೋದ ಕೂಡಲೇ ರೆಕಾರ್ಡ್ ಒತ್ತಬೇಡಿ. ಟ್ರೈಪಾಡ್ ನಿಲ್ಲಿಸಿ, ಮೈಕ್ ಸಿಕ್ಕಿಸಿಕೊಂಡು, ಹತ್ತು ನಿಮಿಷ ಸುಮ್ನೆ ಅಲ್ಲೇ ನಿಲ್ಲಿ. ಒಂದು ಟೀ ಕುಡಿಯಿರಿ. ಟ್ರೈಪಾಡ್ ನಿಮಗೂ ಹಳೆಯದಾಗುತ್ತದೆ, ಸುತ್ತ ಇದ್ದವರಿಗೂ ಹಳೆಯದಾಗುತ್ತದೆ.

ಒಳಗಿನ ನಡುಕದ ವಿಷಯವೂ ಹೀಗೇ. ಎದೆ ಡಬಡಬ ಅನ್ನುವುದು, ಬಾಯಿ ಒಣಗುವುದು ಎದುರಿನವರಿಗೂ ಗೊತ್ತಾಗುತ್ತಿದೆ ಅನ್ನಿಸುತ್ತದೆ. ಅಷ್ಟೆಲ್ಲ ಗೊತ್ತಾಗುವುದಿಲ್ಲ. 2003ರಲ್ಲಿ ಕೆನೆತ್ ಸವಿಟ್ಸ್ಕಿ ಮತ್ತು ಗಿಲೊವಿಚ್, ಭಾಷಣಕ್ಕೆ ನಿಲ್ಲುವ ಕೆಲವು ವಿದ್ಯಾರ್ಥಿಗಳಿಗೆ ಈ ಒಂದು ಮಾತನ್ನು ಮೊದಲೇ ಹೇಳಿದರು: ನಿಮ್ಮ ಅಳುಕು ನೀವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ. ಅಷ್ಟು ತಿಳಿದುಕೊಂಡು ಮಾತಾಡಿದವರ ಭಾಷಣ ಕೇಳುಗರಿಗೂ ಚೆನ್ನಾಗಿದೆ ಅನ್ನಿಸಿತು, ಅವರಿಗೂ ಅನ್ನಿಸಿತು. ಒಂದು ತಿಳಿವಳಿಕೆ ಇಷ್ಟು ಕೆಲಸ ಮಾಡುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಆದರೆ ನಮ್ಮೂರಲ್ಲಿ ನೋಡುವವರು ಗುರುತಿನವರು

ಇಲ್ಲೊಂದು ತೊಡಕಿದೆ. ದೊಡ್ಡ ಊರಿನಲ್ಲಿ ನಮ್ಮನ್ನು ನೋಡಿದವರು ಮತ್ತೆ ಸಿಗುವುದು ಕಡಿಮೆ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಹಾಗಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಹಿಡಿದು ನಿಂತರೆ ನೋಡುವವರು ಚಿಕ್ಕಪ್ಪನ ಸ್ನೇಹಿತರು, ಸೊಸೈಟಿಯಲ್ಲಿ ಸಿಗುವವರು, ಪ್ರೈಮರಿ ಶಾಲೆಯ ಮೇಷ್ಟ್ರು. ಸಂಜೆಯೊಳಗೆ ಸುದ್ದಿ ಮನೆ ತಲುಪಿರುತ್ತದೆ. "ನಿಮ್ಮ ಮಗ ಬಸ್ ಸ್ಟ್ಯಾಂಡಲ್ಲಿ ಒಬ್ಬನೇ ಮಾತಾಡ್ತಾ ನಿಂತಿದ್ನಲ್ಲ ಮಾರಾಯ, ಎಂತ ಕಥೆ?" ನಾಲ್ಕು ಜನ ಏನಂತಾರೆ ಅನ್ನುವ ಮಾತಿನ ಆ ನಾಲ್ಕು ಜನಕ್ಕೆ ಇಲ್ಲಿ ಹೆಸರಿದೆ, ಮನೆ ಇದೆ. ಹಾಗಾಗಿ "ಯಾರೂ ನೋಡಲ್ಲ ಬಿಡು" ಅನ್ನುವ ಸಮಾಧಾನ ಇಲ್ಲಿ ಅರ್ಧ ಮಾತ್ರ ನಿಜ.

ಹಾಗಾಗಿಯೇ ಮಲೆನಾಡಿನಲ್ಲಿ ಕಷ್ಟದ ಅಳತೆ ಉಲ್ಟಾ ಇದೆ. ಜನ ಜಾಸ್ತಿ ಇದ್ದಷ್ಟೂ ಕಷ್ಟ ಅಂದುಕೊಳ್ಳುತ್ತೇವೆ, ಅಲ್ವಾ? ಮಳೆಗಾಲದ ಭಾನುವಾರ ಜೋಗದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆದರೆ ಅಲ್ಲಿ ಕ್ಯಾಮೆರಾಗೆ ಮಾತಾಡುವುದು ಬಲು ಸುಲಭ. ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ, ಎಲ್ಲರೂ ಹೊರಗಿನವರು. ಶರಾವತಿ ಹಿನ್ನೀರಿಗೆ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಆ ಸೇತುವೆಯ ಮೇಲೂ ಹಾಗೇ, ಸಕ್ರೆಬೈಲಿನ ಆನೆ ಬಿಡಾರದಲ್ಲೂ ಹಾಗೇ. ಅದೇ ನಮ್ಮೂರ ಹಾಲಿನ ಡೈರಿಯ ಮುಂದೆ ಐದೇ ಜನ ಇದ್ದರೂ ನಾಲಿಗೆ ಏಳುವುದಿಲ್ಲ. ಆದ್ದರಿಂದ ಅಭ್ಯಾಸ ಶುರು ಮಾಡುವವರು ಜನ ಇಲ್ಲದ ಜಾಗ ಹುಡುಕುವುದಕ್ಕಿಂತ ಪ್ರವಾಸಿಗರಿರುವ ಜಾಗ ಹುಡುಕುವುದು ಒಳ್ಳೆಯದು. ಶಿವಮೊಗ್ಗದವರಿಗೆ ಶಿವಪ್ಪ ನಾಯಕ ಅರಮನೆ, ತುಂಗಾ ಭದ್ರಾ ಸೇರುವ ಕೂಡಲಿ ಹತ್ತಿರದಲ್ಲೇ ಇವೆ.

ಇನ್ನೊಂದು ವಿಚಿತ್ರ ನೋಡಿ. ಮಲೆನಾಡಿನವರಿಗೆ ಸಭೆಯ ಮುಂದೆ ನಿಲ್ಲುವುದು ಹೊಸದೇನಲ್ಲ. ಹೆಗ್ಗೋಡಿನಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟಿದ್ದು 1949ರಲ್ಲಿ. ಕೃಷಿಕರು, ಮೇಷ್ಟ್ರುಗಳು ಬಣ್ಣ ಹಚ್ಚಿ ನಾಟಕ ಆಡುವುದು, ತಾಳಮದ್ದಳೆಯಲ್ಲಿ ಅರ್ಥ ಹೇಳುವುದು ಇಲ್ಲಿ ಸಹಜ. ರಾತ್ರಿ ಭೀಮನ ಪಾತ್ರದಲ್ಲಿ ಅಬ್ಬರಿಸಿದವರೇ ಬೆಳಗ್ಗೆ ಮೊಬೈಲ್ ಮುಂದೆ ನಿಲ್ಲಲು ಹಿಂಜರಿಯುತ್ತಾರೆ. ಯಾಕೆ? ಯಕ್ಷಗಾನದ ಆಟ ನೋಡಲು ಬಂದವರಿಗೆ ಇದು ಆಟ ಅಂತ ಗೊತ್ತಿದೆ. ಚಂಡೆ ಮದ್ದಳೆ ಇದೆ, ವೇಷ ಇದೆ, ನೋಡಲೆಂದೇ ಬಂದು ಕೂತವರಿದ್ದಾರೆ. ರಸ್ತೆಯಲ್ಲಿ ಅದ್ಯಾವುದೂ ಇಲ್ಲ. ಒಬ್ಬ ಮನುಷ್ಯ ಗಾಳಿಗೆ ಮಾತಾಡುತ್ತಾ ನಿಂತಿದ್ದಾನೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಹಾಗೆ ಗೊತ್ತಿಲ್ಲದ್ದರಿಂದಲೇ ಅವರು ದಿಟ್ಟಿಸುತ್ತಾರೆ. ಅವರು ದಿಟ್ಟಿಸುವುದರಿಂದ ನಾವು ಕುಗ್ಗುತ್ತೇವೆ.

ಹಾಗಿದ್ದರೆ ಮದ್ದು ಸುಲಭ. ಮೊದಲೇ ಹೇಳಿಬಿಡಿ. "ಅಣ್ಣಾ, ಇಲ್ಲೇ ಎರಡು ನಿಮಿಷ ನಿಂತು ಅಡಿಕೆ ಸುಲಿಯೋ ಮಿಷನ್ ಬಗ್ಗೆ ಒಂದು ವಿಡಿಯೊ ಮಾಡ್ಕೊಳ್ತೀನಿ, ತೊಂದರೆ ಇಲ್ವಲ್ಲ?" ಅಷ್ಟು ಸಾಕು. ಅಂಗಡಿಯವರಿಗೆ ನೀವು ಯಾರು, ಏನು ಮಾಡುತ್ತಿದ್ದೀರಿ ಅಂತ ತಿಳಿಯಿತು. ಕುತೂಹಲ ತಣಿಯಿತು. ಎಷ್ಟೋ ಸಲ ಅವರೇ "ಈ ಕಡೆ ನಿಲ್ಲಿ, ಬೆಳಕು ಚೆನ್ನಾಗಿದೆ" ಅನ್ನುತ್ತಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಗೌಡ್ರೇ, ಈ ವರ್ಷ ಕೊಳೆ ಎಷ್ಟಿತ್ತು ಹೇಳಿ" ಅಂತ ಅವರನ್ನೇ ಮಾತಿಗೆ ಎಳೆದರೆ, ನಿಮ್ಮ ಗಮನ ತಾನಾಗಿ ನಿಮ್ಮನ್ನು ಬಿಟ್ಟು ಅವರ ಕಡೆ ಹೋಗುತ್ತದೆ. ಗುರುತಿನವರು ಇರುವ ಊರು ಅನ್ನುವುದು ಹೊರೆ ಆಗಿದ್ದದ್ದು ಆಗ ಅನುಕೂಲ ಆಗುತ್ತದೆ. ಕಾಲರ್ ಮೈಕು, ಟ್ರೈಪಾಡು ಕೂಡ ಇದೇ ಕೆಲಸ ಮಾಡುತ್ತವೆ. ನೋಡಿದವರಿಗೆ ಇಲ್ಲಿ ಏನೋ ಕೆಲಸ ನಡೆಯುತ್ತಿದೆ ಅಂತ ಹೇಳುತ್ತವೆ. ಮೈಕ್ ಬಾಯಿಗೆ ಹತ್ತಿರ ಇದ್ದರೆ ಕೂಗಬೇಕಾಗಿಲ್ಲ ಅನ್ನುವುದು ಇನ್ನೊಂದು ಲಾಭ.

ಮನೆಯವರಿಗೂ ಮೊದಲೇ ಹೇಳಿ. ಸುದ್ದಿ ಬೇರೆಯವರಿಂದ ಬಂದರೆ ಅಮ್ಮನಿಗೆ ಕಸಿವಿಸಿ. ನಿಮ್ಮಿಂದಲೇ ಬಂದರೆ "ಹೌದು, ನಂಗೆ ಗೊತ್ತಿತ್ತು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇಷ್ಟು ಸರಾಗವಾಗಿ ಬರೆದುಬಿಡಲು ನನಗೆ ಮನಸ್ಸಿಲ್ಲ. ಅವರಿಗೆ ಬೀಳುವ ನೋಟ ಬರೀ ಕುತೂಹಲದ್ದಲ್ಲ. ಹಿಂದೆ ನಿಂತು ಅಣಕಿಸುವವರು, ಕೇಳದೆ ಅವರ ವಿಡಿಯೊ ಮಾಡಿಕೊಳ್ಳುವವರು, ಕೆಳಗೆ ಕೊಳಕು ಕಾಮೆಂಟ್ ಹಾಕುವವರು ನಿಜವಾಗಿಯೂ ಇದ್ದಾರೆ. ಅದನ್ನು "ನಿನ್ನ ಮನಸ್ಸಿನ ಭ್ರಮೆ" ಅನ್ನುವುದು ಅನ್ಯಾಯ. ಅಲ್ಲಿ ಅಳುಕನ್ನು ಮೀರು ಅನ್ನುವುದಕ್ಕಿಂತ ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗು, ಹಗಲು ಹೊತ್ತು ಆರಿಸು, ಮನೆಯ ಗುರುತು ಸಿಗುವ ಹಾಗೆ ಫ್ರೇಮ್ ಇಡಬೇಡ, ಕಾಮೆಂಟಿಗೆ ತಡೆ ಹಾಕು ಅನ್ನುವುದು ಸರಿಯಾದ ಸಲಹೆ. ಸ್ಥಳದಲ್ಲೇ ತೊಂದರೆ ಆದರೆ 112ಕ್ಕೆ, ಆನ್‌ಲೈನಿನಲ್ಲಿ ಮೋಸವೋ ಬ್ಲ್ಯಾಕ್‌ಮೇಲೋ ಆದರೆ 1930ಕ್ಕೆ ಕರೆ ಮಾಡಬಹುದು.

ನಮ್ಮ ಮುಖ, ನಮ್ಮ ದನಿ ನಮಗೇ ಯಾಕೆ ಹಿಡಿಸುವುದಿಲ್ಲ?

ಜನರ ಅಂಜಿಕೆ ಕಳೆದರೂ ಹಲವರು ಇಲ್ಲಿ ನಿಲ್ಲುತ್ತಾರೆ. ರೆಕಾರ್ಡ್ ಆದ ದನಿ ಕೇಳಿ "ಅಯ್ಯೋ, ನಾನು ಹೀಗೆ ಮಾತಾಡ್ತೀನಾ!" ಅನ್ನುತ್ತಾರೆ. ಮಾತಾಡುವಾಗ ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಕೇಳಿಸುತ್ತದೆ. ಗಾಳಿಯ ಮೂಲಕ ಒಂದು, ತಲೆಬುರುಡೆಯ ಮೂಳೆಯ ಮೂಲಕ ಇನ್ನೊಂದು. ಮೂಳೆಯಲ್ಲಿ ಬರುವುದು ದನಿಯ ಗಡಸು ಭಾಗವನ್ನು ಹೆಚ್ಚಿಸುತ್ತದೆ. ಮೊಬೈಲಿಗೆ ಸಿಗುವುದು ಗಾಳಿಯಲ್ಲಿ ಬಂದದ್ದು ಮಾತ್ರ. ಅದಕ್ಕೇ ಅದು ನಮಗೆ ತೆಳ್ಳಗೆ ಕೇಳುತ್ತದೆ. ಉಳಿದವರೆಲ್ಲ ಇಷ್ಟು ವರ್ಷ ಕೇಳುತ್ತಾ ಬಂದಿರುವುದು ಆ ತೆಳ್ಳಗಿನ ದನಿಯನ್ನೇ. ಅವರಿಗೆ ಅದರಲ್ಲಿ ವಿಶೇಷ ಏನೂ ಇಲ್ಲ.

ಮುಖದ್ದೂ ಹೀಗೇ. ನಾವು ದಿನಾ ನೋಡುವುದು ಕನ್ನಡಿಯಲ್ಲಿ, ಎಡ ಬಲ ಅದಲು ಬದಲಾದ ಮುಖವನ್ನು. 1977ರ ಒಂದು ಅಧ್ಯಯನದಲ್ಲಿ ಒಬ್ಬೊಬ್ಬರ ಫೋಟೊವನ್ನೂ ನೇರವಾಗಿ ಒಮ್ಮೆ, ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಒಮ್ಮೆ, ಅವರಿಗೂ ಅವರ ಸ್ನೇಹಿತರಿಗೂ ತೋರಿಸಿದರು. ಹೆಚ್ಚಿನವರು ತಮ್ಮದೇ ಫೋಟೊದಲ್ಲಿ ಕನ್ನಡಿಯಲ್ಲಿ ಕಾಣುವಂಥದ್ದನ್ನು ಇಷ್ಟಪಟ್ಟರು. ಅವರ ಸ್ನೇಹಿತರು ನೇರವಾದದ್ದನ್ನು ಇಷ್ಟಪಟ್ಟರು. ಕಣ್ಣಿಗೆ ರೂಢಿ ಆದದ್ದೇ ಚಂದ, ಅಷ್ಟೇ ವಿಷಯ. ಜೊತೆಗೆ ದೂರದ ಲೆಕ್ಕವೂ ಇದೆ. ಮುಖದಿಂದ ಒಂದು ಅಡಿ ದೂರದಲ್ಲಿ ಸೆಲ್ಫಿ ಹಿಡಿದರೆ, ಐದು ಅಡಿ ದೂರದಿಂದ ತೆಗೆದದ್ದಕ್ಕಿಂತ ಮೂಗು ಸುಮಾರು 30 ಶೇಕಡಾ ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ತಪ್ಪು ಮೂಗಿನದಲ್ಲ. ಫೋನನ್ನು ನಾಲ್ಕೈದು ಅಡಿ ಆಚೆ ನಿಲ್ಲಿಸಿ, ಹಿಂದಿನ ಕ್ಯಾಮೆರಾ ಬಳಸಿ. ಪರದೆಯಲ್ಲಿ ನಿಮ್ಮ ಮುಖ ಕಾಣದಿರುವುದೇ ಒಳ್ಳೆಯದು. ಮುಖ ಕಾಣುತ್ತಿದ್ದರೆ ಗಮನ ಮತ್ತೆ ಅದರ ಮೇಲೇ ಹೋಗುತ್ತದೆ.

ಗಮನವನ್ನು ಹೊರಗೆ ತಿರುಗಿಸುವುದು

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕೈಗೆ ಕೆಲಸ ಕೊಡುವುದು. ಸುಮ್ಮನೆ ನಿಂತು ಮಾತಾಡುವವರಿಗೆ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಅದೇ ಕೈಯಲ್ಲಿ ಒಂದು ಗೊನೆ ಅಡಿಕೆ ಇರಲಿ, ಬಾಳೆಲೆಯಲ್ಲಿ ಕೊಟ್ಟೆ ಕಟ್ಟುತ್ತಿರಿ, ಒಂದು ಅಪ್ಪೆಮಿಡಿ ಮುರಿದು ವಾಸನೆ ನೋಡಿ ಹೇಳಿ. ಗೊತ್ತಿರುವ ಕೆಲಸ ಮಾಡುವ ಕೈ ನಡುಗುವುದಿಲ್ಲ. ಕೈ ನಡುಗದಿದ್ದರೆ ಮಾತೂ ದಾರಿಗೆ ಬರುತ್ತದೆ.

ಮೊದಲ ಎರಡು ವಾಕ್ಯ ಬಾಯಿಪಾಠ ಆಗಿರಲಿ. ರಾಬರ್ಟ್ ಝಾಯಂಟ್ಸ್ ಎಂಬ ಮನೋವಿಜ್ಞಾನಿ 1965ರಲ್ಲಿ ಮುಂದಿಟ್ಟ ವಿಚಾರ ಇದು: ಬೇರೆಯವರು ಎದುರಿಗಿದ್ದಾಗ ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ರೂಢಿಯಾಗದ್ದು ಇನ್ನೂ ಕೆಡುತ್ತದೆ. ರಸ್ತೆಯಲ್ಲಿ ನಿಂತು ಏನು ಹೇಳಲಿ ಅಂತ ಹುಡುಕುವುದು ಎರಡನೆಯ ಥರದ್ದು. ಪೂರ್ತಿ ಬರೆದು ಓದುವುದೂ ಬೇಡ, ಅದು ಮರದ ಹಾಗೆ ಆಗುತ್ತದೆ. ಶುರು ಗೊತ್ತಿರಲಿ, ಮುಕ್ತಾಯ ಗೊತ್ತಿರಲಿ. ನಡುವಿನದು ಒಬ್ಬರಿಗೆ ಹೇಳಿದಂತೆ ಬರಲಿ. ಆ ಒಬ್ಬರು ನಿಮಗೆ ನಿಜಕ್ಕೂ ಗೊತ್ತಿರುವವರಾಗಿರಲಿ, ಬೆಂಗಳೂರಲ್ಲಿರುವ ತಂಗಿಯೋ, ತೋಟ ಹೊಸದಾಗಿ ಶುರು ಮಾಡಿದ ಗೆಳೆಯನೋ.

ಎದೆ ಬಡಿತ ನಿಲ್ಲಲಿ ಅಂತ ಕಾಯಬೇಡಿ. ಅದನ್ನು ಬಲವಂತವಾಗಿ ತಣಿಸಲು ಹೋದವರಿಗಿಂತ, "ಇದು ಹುರುಪು" ಅಂತ ತಮಗೆ ತಾವೇ ಹೇಳಿಕೊಂಡವರು ಹಾಡು, ಭಾಷಣ ಎರಡರಲ್ಲೂ ಚೆನ್ನಾಗಿ ಮಾಡಿದರು ಅಂತ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ವರದಿ ಮಾಡಿದ್ದಾರೆ.

ಇನ್ನು ಅಡಗುವ ಉಪಾಯಗಳು. ಕಪ್ಪು ಕನ್ನಡಕ ಹಾಕಿಕೊಳ್ಳುವುದು, ಫೋನಿನಲ್ಲಿ ಯಾರ ಜೊತೆಗೋ ಮಾತಾಡಿದಂತೆ ನಟಿಸುವುದು, ಪಿಸುಮಾತಿನಲ್ಲಿ ಮುಗಿಸುವುದು, ಯಾರಾದರೂ ಬಂದ ತಕ್ಷಣ ನಿಲ್ಲಿಸಿ ಬೇರೆಲ್ಲೋ ನೋಡುವುದು. ಆ ಕ್ಷಣಕ್ಕೆ ಹಾಯ್ ಅನ್ನಿಸುತ್ತದೆ ನಿಜ. ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಸಾಮಾಜಿಕ ಆತಂಕ ಯಾಕೆ ಬಿಡದೆ ಉಳಿಯುತ್ತದೆ ಅಂತ ವಿವರಿಸುವಾಗ ಇದನ್ನೇ ಹೇಳಿದರು. ಹೀಗೆ ಅಡಗಿಕೊಂಡಾಗ "ಏನೂ ಆಗಲಿಲ್ಲ" ಅನ್ನುವ ಪಾಠ ಮನಸ್ಸಿಗೆ ಸಿಗುವುದೇ ಇಲ್ಲ. "ಅಡಗಿದ್ದಕ್ಕೆ ಬಚಾವಾದೆ" ಅಂತಲೇ ಅದು ತಿಳಿಯುತ್ತದೆ. ಯಾರಾದರೂ ಹತ್ತಿರ ಬಂದರೆ ಒಂದು ನಗು ನಕ್ಕು ಮಾತು ಮುಂದುವರಿಸಿ. ಎರಡು ನಿಮಿಷಕ್ಕೆ ಓಡಿಬರುವುದಕ್ಕಿಂತ, ಅಳುಕು ತಾನಾಗಿ ಇಳಿಯುವ ತನಕ ಅಲ್ಲೇ ಇರಿ. ಮುಂದಿನ ಸಲ ಅದು ಅಷ್ಟು ಎತ್ತರ ಏರುವುದಿಲ್ಲ. ಜೋಗದಿಂದ ಶುರು ಮಾಡಿದವರು ಶಿವಮೊಗ್ಗದ ಫ್ರೀಡಂ ಪಾರ್ಕಿಗೆ, ಅಲ್ಲಿಂದ ದುರ್ಗಿಗುಡಿಗೆ, ಕೊನೆಗೆ ತಮ್ಮೂರ ಡೈರಿಯ ಮುಂದೆ ಬರಲಿ. ಹಿಂದಿನ ಜಾಗ ಸಪ್ಪೆ ಅನ್ನಿಸಿದಾಗ ಮುಂದಿನದಕ್ಕೆ ಹೋದರೆ ಸಾಕು.

ಕೆಲವು ಮುಜುಗರಗಳನ್ನು ಮಾತ್ರ ಮೀರಬಾರದು. ಗರ್ಭಗುಡಿಯ ಮುಂದೆ, ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ ಕ್ಯಾಮೆರಾ ತೆಗೆಯಲು ಮನಸ್ಸು ಹಿಂಜರಿದರೆ ಅದು ಸರಿಯಾಗಿಯೇ ಹೇಳುತ್ತಿದೆ. ಬೇರೆಯವರ ಮಕ್ಕಳ ಮುಖ ಹಿಡಿಯುವಾಗಲೂ ಅಷ್ಟೇ, ಹೆತ್ತವರನ್ನು ಕೇಳಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ಕೇಳಿ ತೆಗೆಯುವುದಕ್ಕೆ ಕೋರ್ಟೇ ಹೇಳಬೇಕಾಗಿಲ್ಲ. ಪಾಚಿಗಟ್ಟಿದ ಬಂಡೆಯ ಅಂಚಿನಲ್ಲಿ ಕಾಲು ಹಿಂದೆ ಸರಿದರೆ ಅದನ್ನು ಸಂಕೋಚ ಅಂದುಕೊಳ್ಳಬೇಡಿ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿಯಲ್ಲಿ ವಿಡಿಯೊಗಾಗಿ ನಿಂತಿದ್ದ ಯುವಕನೊಬ್ಬ ಜಾರಿ ಬಿದ್ದು ತೀರಿಕೊಂಡ. ಮಳೆಗಾಲದ ಜಲಪಾತದ ಎದುರು ಭಯ ಇರಲೇಬೇಕು.

ಇನ್ನೂ ಒಂದು ವ್ಯತ್ಯಾಸ ತಿಳಿದಿರಬೇಕು. ಕ್ಯಾಮೆರಾ ಮುಂದೆ ಮಾತ್ರವಲ್ಲ, ಅಂಗಡಿಯಲ್ಲಿ ಸಾಮಾನು ಕೇಳಲು, ಕ್ಲಾಸಿನಲ್ಲಿ ಹಾಜರಿ ಹೇಳಲು, ನೆಂಟರ ಮನೆಗೆ ಹೋಗಲು ಕೂಡ ತಿಂಗಳುಗಟ್ಟಲೆ ಹೀಗೇ ಆಗುತ್ತಿದ್ದರೆ ಅದು ಬರೀ ನಾಚಿಕೆ ಅಲ್ಲದಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತೆಗೆದ ವಿಡಿಯೊವನ್ನು ಅಲ್ಲೇ ನಿಂತು ನೋಡಬೇಡಿ. ಆಗ ಮನಸ್ಸು ತಪ್ಪು ಹುಡುಕುವ ಹುಮ್ಮಸ್ಸಿನಲ್ಲಿರುತ್ತದೆ. ಆತಂಕದ ಚಿಕಿತ್ಸೆಯಲ್ಲಿ ಬಳಸುವ ಒಂದು ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ. ನೋಡುವ ಮೊದಲು ಏನೇನು ಕಾಣಬಹುದು ಅಂತ ಒಂದು ಹಾಳೆಯಲ್ಲಿ ಬರೆಯಿರಿ: ಮುಖ ಕೆಂಪಾಗಿರುತ್ತದೆ, ಮೂರು ಕಡೆ ತಡವರಿಸಿರುತ್ತೇನೆ, ಹೀಗೆ. ಮರುದಿನ ಯಾರೋ ಅಪರಿಚಿತರ ವಿಡಿಯೊ ನೋಡುತ್ತಿದ್ದೀರಿ ಅಂದುಕೊಂಡು ನೋಡಿ. ಬರೆದದ್ದರಲ್ಲಿ ಎಷ್ಟು ನಿಜವಾಗಿ ಇದೆ ಅಂತ ಹೋಲಿಸಿ. ಸಾಮಾನ್ಯವಾಗಿ ಹಾಳೆಯಲ್ಲಿರುವ ಮನುಷ್ಯ ಪರದೆಯಲ್ಲಿ ಇರುವುದಿಲ್ಲ. ಆಮೇಲೆ ಯಾರಿಗಾದರೂ ತೋರಿಸುವುದಿದ್ದರೆ "ನಾನು ಹೇಗೆ ಕಾಣ್ತೀನಿ?" ಅಂತ ಕೇಳಬೇಡಿ. ಬೋರ್ಡೋ ಬಗ್ಗೆ ಮಾಡಿದ್ದರೆ ಔಷಧಿ ಹೊಡೆಯುವವರಿಗೆ ತೋರಿಸಿ, ಸುಣ್ಣ ಮತ್ತು ಮೈಲುತುತ್ತದ ಅಳತೆ ಸರಿ ಹೇಳಿದ್ದೀನಾ ಅಂತ ಕೇಳಿ. ಅವರು ತಿದ್ದಿದರೆ ಆ ಭಾಗ ಮಾತ್ರ ಮತ್ತೆ ತೆಗೆಯಿರಿ, ಸಾಧ್ಯವಾದರೆ ಅವರನ್ನೂ ಜೊತೆಗೆ ನಿಲ್ಲಿಸಿಕೊಂಡು.